ಹಳೇ ಬಿಡಿಭಾಗ, ಹೊಸ ಆಟ

ಕಳೆದ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಹಳೇ ಬ್ರಿಕ್ ಗೇಮ್ ಸಿಕ್ಕಿತು. ಮೂರನೇ ಕ್ಲಾಸಿನಲ್ಲಿದ್ದಾಗ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಅಜ್ಜ ಕೊಡಿಸಿದ್ದು. ಒಳಗೆ 9999 ಆಟಗಳಿವೆ ಎಂದು ಮೇಲೆ ಬರೆದಿರುತ್ತದಲ್ಲ, ಅದೇ. ನಿಜವಾಗಿ ಇರುವುದು ಹತ್ತಿಪ್ಪತ್ತು ಆಟ. ಉಳಿದದ್ದೆಲ್ಲ ಅವುಗಳದೇ ವೇಗ ಹೆಚ್ಚಿಸಿದ ರೂಪ. ಎರಡು ಪೆನ್ಸಿಲ್ ಸೆಲ್ ಹಾಕಿ ಗುಂಡಿ ಒತ್ತಿದೆ. ಕೀರಲು ದನಿಯಲ್ಲಿ ಅದೇ ಹಳೇ ಟ್ಯೂನ್ ಹೊರಟಿತು. ಆ ದಿನ ಅಮ್ಮ ಊಟಕ್ಕೆ ಮೂರು ಸಲ ಕರೆದ ಮೇಲೆಯೇ ನಾನು ಎದ್ದದ್ದು.

ಇದನ್ನು ಹೇಳಲು ಕಾರಣವಿದೆ. ಅದಕ್ಕೂ ಹಿಂದಿನ ವಾರ ಹಾಸ್ಟೆಲ್‌ನಲ್ಲಿ ನಾವು ನಾಲ್ವರು ದುಡ್ಡು ಹಾಕಿ ಒಂದು ದೊಡ್ಡ ಕಂಪನಿಯ ಹೊಸ ಗೇಮ್ ಕೊಂಡಿದ್ದೆವು. ನೂರು ಜಿ.ಬಿ.ಗೂ ಮೀರಿದ ಫೈಲ್. ಎರಡು ರಾತ್ರಿ ವೈಫೈ ಕಾದು ಡೌನ್‌ಲೋಡ್ ಮಾಡಿದೆವು. ಆಡಲು ಶುರು ಮಾಡಿ ಅರ್ಧ ಗಂಟೆಗೆ ನನಗೆ ಮುಂದೇನಾಗುತ್ತದೆಂದು ಗೊತ್ತಾಗತೊಡಗಿತು. ಈ ಗೋಡೆ ಹತ್ತಬಹುದು, ಈ ಪೊದೆಯಲ್ಲಿ ಬಚ್ಚಿಟ್ಟುಕೊಳ್ಳಬಹುದು, ಆ ಗೋಪುರ ಏರಿದರೆ ನಕ್ಷೆ ತೆರೆದುಕೊಳ್ಳುತ್ತದೆ. ಮಳೆಯ ಹನಿ ಮಾತ್ರ ಹಿಂದಿನ ಭಾಗಕ್ಕಿಂತ ಚೆಂದ ಹೊಳೆಯುತ್ತಿತ್ತು. ನಾಲ್ಕನೇ ದಿನ ಅದನ್ನು ಯಾರೂ ತೆರೆಯಲಿಲ್ಲ.

ರಜೆ ಮುಗಿಸಿ ಬಂದಾಗ ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ಎದುರಿಗಿತ್ತು. ನಮ್ಮದು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್. ಮುಂದಿನ ಸೆಮಿಸ್ಟರ್‌ನಲ್ಲೇ ಪ್ಲೇಸ್‌ಮೆಂಟ್ ಶುರು. ಸಂದರ್ಶನದಲ್ಲಿ ಮೊದಲು ಕೇಳುವುದೇ ಪ್ರಾಜೆಕ್ಟ್ ಬಗ್ಗೆ. ಹೀಗಾಗಿ ನಮ್ಮ ತಂಡ ರೆಸ್ಯೂಮೆಯಲ್ಲಿ ಗಟ್ಟಿಯಾಗಿ ಕಾಣಲೆಂದು ಒಂದು ಬ್ಯಾಟಲ್ ರಾಯಲ್ ಆಟ ಮಾಡುವುದೆಂದು ತೀರ್ಮಾನಿಸಿತು. ಪುಕ್ಕಟೆ ಸಿಗುವ ಬಂದೂಕು, ಪುಕ್ಕಟೆ ಸಿಗುವ ಮರ, ಯೂಟ್ಯೂಬ್‌ನಲ್ಲಿ ಸಿಗುವ ಕೋಡ್. ಮೊದಲ ರಿವ್ಯೂನಲ್ಲಿ ನಮ್ಮ ಗೈಡ್ ಮೇಡಂ ಸ್ಲೈಡುಗಳನ್ನೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು: ನೀವು ದಿನಾ ಮೊಬೈಲಿನಲ್ಲಿ ಆಡುವುದರಲ್ಲಿ ಇಲ್ಲದ್ದು ಇದರಲ್ಲಿ ಏನಿದೆ? ನಾವು ನಾಲ್ವರೂ ನೆಲ ನೋಡಿದೆವು.

ಆ ರಾತ್ರಿ ನನ್ನನ್ನು ಕಾಡಿದ್ದು ಜಾತ್ರೆಯ ಬ್ರಿಕ್ ಗೇಮ್. ಬಣ್ಣವಿಲ್ಲದ, ಕ್ಯಾಲ್ಕುಲೇಟರ್‌ನಂಥ ಪರದೆಯ ಆ ಡಬ್ಬಿ ನನ್ನನ್ನು ಊಟ ಮರೆಸುವಷ್ಟು ಹಿಡಿದಿಟ್ಟದ್ದು ಹೇಗೆ? ಅದರ ಹಿಂದೆ ಯಾರಿದ್ದಾರೆಂದು ಹುಡುಕುತ್ತಾ ಹೋದೆ. ಅದರೊಳಗಿನ ಮುಖ್ಯ ಆಟ ಟೆಟ್ರಿಸ್. ಅದನ್ನು 1984ರಲ್ಲಿ ಮಾಸ್ಕೋದಲ್ಲಿ ಕಟ್ಟಿದವರು ಅಲೆಕ್ಸಿ ಪಜಿತ್ನೋವ್. ಆದರೆ ಅಗ್ಗದ ಎಲ್‌ಸಿಡಿ ಪರದೆ, ಎರಡು ಹೆಬ್ಬೆರಳು, ಕೈಯಲ್ಲಿ ಹಿಡಿಯುವ ಡಬ್ಬಿ - ಈ ಕಲ್ಪನೆಯನ್ನು ಲೋಕಕ್ಕೆ ಹಬ್ಬಿಸಿದವರು ಇನ್ನೊಬ್ಬರು. ಅವರ ಹೆಸರು ಗುನ್ಪೇ ಯೊಕೊಯಿ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ತೀರಿಕೊಂಡ ಜಪಾನಿ ಎಂಜಿನಿಯರ್. ಅವರ ಬಗ್ಗೆ ಓದುತ್ತಾ ಓದುತ್ತಾ ಮರುದಿನದ ಇಂಟರ್ನಲ್ಸ್‌ಗೆ ಓದುವುದೇ ಉಳಿದುಹೋಯಿತು.

ಯೊಕೊಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಕ್ಯೋಟೊ ನಗರದಲ್ಲಿ. ಅಲ್ಲಿಯದೇ ದೊಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಓದಿನಲ್ಲಿ ಮುಂದಿದ್ದವರೇನಲ್ಲ. ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳಲ್ಲಿ ಕೆಲಸಕ್ಕೆ ಪ್ರಯತ್ನಿಸಿ ಎಲ್ಲೂ ಸಿಗದೆ, ಕೊನೆಗೆ 1965ರಲ್ಲಿ ಊರಿನಲ್ಲೇ ಇದ್ದ ಒಂದು ಕಂಪನಿ ಸೇರಿದರು. ಅದು ಇಸ್ಪೀಟು ಎಲೆ ತಯಾರಿಸುವ ಕಂಪನಿ. ಹನಾಫುಡಾ ಎಂಬ ಹೂವಿನ ಚಿತ್ರದ ಜಪಾನಿ ಎಲೆಗಳನ್ನು 1889ರಿಂದ ಮಾಡುತ್ತಿದ್ದ ಆ ಕಂಪನಿಯ ಹೆಸರು ನಿಂಟೆಂಡೊ. ಎಲೆ ಮುದ್ರಿಸುವ ಯಂತ್ರಗಳು ಕೆಟ್ಟರೆ ರಿಪೇರಿ ಮಾಡುವುದು ಯೊಕೊಯಿ ಕೆಲಸ. ಇವತ್ತು ಗೇಮಿಂಗ್ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಒಂದಾದ ನಿಂಟೆಂಡೊಗೆ ಆಗ ಎಲೆಕ್ಟ್ರಾನಿಕ್ಸ್‌ನ ಗಂಧವೇ ಇರಲಿಲ್ಲ. ಎಲೆಗಳ ಮಾರಾಟ ಬೇರೆ ಇಳಿಯುತ್ತಿತ್ತು. ಅಧ್ಯಕ್ಷ ಹಿರೋಶಿ ಯಮೌಚಿ ಟ್ಯಾಕ್ಸಿ ಓಡಿಸಿ ನೋಡಿದ್ದರು, ದಿಢೀರ್ ಅನ್ನ ಮಾರಿ ನೋಡಿದ್ದರು. ಯಾವುದೂ ಕೈ ಹಿಡಿದಿರಲಿಲ್ಲ.

ಡಿಗ್ರಿ ಕೈಯಲ್ಲಿ ಹಿಡಿದು, ಗೆಳೆಯರೆಲ್ಲ ದೊಡ್ಡ ಹೆಸರಿನ ಕಂಪನಿ ಸೇರಿದ ಮೇಲೆ, ಮನೆ ಹತ್ತಿರದ ಕಾರ್ಖಾನೆಯಲ್ಲಿ ಎಣ್ಣೆ ಕೈ ಒರೆಸಿಕೊಳ್ಳುತ್ತ ನಿಂತ ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗನನ್ನು ನೀವೂ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ನನಗಂತೂ ನಮ್ಮ ಸೀನಿಯರ್ ಅಣ್ಣಂದಿರಲ್ಲಿ ಎಷ್ಟೋ ಮಂದಿ ನೆನಪಾದರು.

ಯಂತ್ರಗಳು ಸರಿಯಾಗಿ ಓಡುತ್ತಿದ್ದರೆ ರಿಪೇರಿಯವನಿಗೆ ಕೆಲಸವಿಲ್ಲ. ಬಿಡುವಿನ ವೇಳೆಯಲ್ಲಿ ಯೊಕೊಯಿ ಕಾರ್ಖಾನೆಯ ಸಲಕರಣೆಗಳನ್ನೇ ಬಳಸಿ ತಮ್ಮ ಖುಷಿಗೆಂದು ಒಂದು ಆಟಿಕೆ ಮಾಡಿಕೊಂಡರು. ಕತ್ತರಿಯಂತೆ ಒಂದಕ್ಕೊಂದು ಹೆಣೆದ ಪಟ್ಟಿಗಳು; ಹಿಡಿ ಒತ್ತಿದರೆ ಕೈ ಉದ್ದವಾಗಿ ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯುತ್ತದೆ. ಕಾರ್ಖಾನೆ ನೋಡಲು ಬಂದ ಯಮೌಚಿ ಕಣ್ಣಿಗೆ ಅದು ಬಿತ್ತು. ಅಧ್ಯಕ್ಷರ ಕೋಣೆಗೆ ಕರೆ ಬಂದಾಗ ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕೆ ಬೈಗುಳ ಕಾದಿದೆ ಎಂದುಕೊಂಡೇ ಯೊಕೊಯಿ ಹೋದರು. ಯಮೌಚಿ ಹೇಳಿದ್ದು ಇದನ್ನು ಮಾರಾಟದ ಸರಕು ಮಾಡು ಎಂದು. 'ಅಲ್ಟ್ರಾ ಹ್ಯಾಂಡ್' ಎಂಬ ಹೆಸರಿನಲ್ಲಿ 1966ರಲ್ಲಿ ಬಂದ ಅದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ರಿಪೇರಿಯವ ಆಟಿಕೆ ವಿನ್ಯಾಸಕನಾದ.

ಅದರ ನಂತರದ ಹತ್ತು ಹನ್ನೆರಡು ವರ್ಷದ ಆಟಿಕೆಗಳೇ ನನಗೆ ಈ ಬದುಕಿನಲ್ಲಿ ಬಹಳ ಇಷ್ಟವಾದ ಭಾಗ. ಸಾಮಾನ್ಯವಾಗಿ ಎಲ್ಲರೂ ನೇರ ಗೇಮ್ ಬಾಯ್‌ಗೆ ಜಿಗಿಯುತ್ತಾರೆ. ಆದರೆ ಅವರ ತಲೆ ಹೇಗೆ ಓಡುತ್ತಿತ್ತೆಂದು ಗೊತ್ತಾಗುವುದು ಇಲ್ಲಿ.

1969ರ 'ಲವ್ ಟೆಸ್ಟರ್' ನೋಡಿ. ಒಂದು ಮೀಟರ್, ಅದರಿಂದ ಹೊರಟ ಎರಡು ವೈರು, ತುದಿಯಲ್ಲಿ ಎರಡು ಲೋಹದ ಗುಂಡು. ಹುಡುಗ ಒಂದು ಗುಂಡು ಹಿಡಿಯಬೇಕು, ಹುಡುಗಿ ಇನ್ನೊಂದು. ಖಾಲಿ ಇರುವ ಕೈಗಳನ್ನು ಇಬ್ಬರೂ ಹಿಡಿದುಕೊಂಡರೆ ಸರ್ಕಿಟ್ ಪೂರ್ತಿಯಾಗಿ ಮೈಯೊಳಗಿಂದ ಚೂರು ಕರೆಂಟ್ ಹರಿದು ಮುಳ್ಳು ಮೇಲೇಳುತ್ತದೆ. ಕೈ ಬೆವರಿದಷ್ಟೂ ರೆಸಿಸ್ಟೆನ್ಸ್ ಕಡಿಮೆ, ಪ್ರೀತಿ ಜಾಸ್ತಿ! ನಾವು ಮೊದಲ ಸೆಮಿಸ್ಟರ್ ಲ್ಯಾಬಿನಲ್ಲಿ ಓಮ್‌ನ ನಿಯಮ ಸಾಬೀತು ಮಾಡಿ ರೆಕಾರ್ಡ್ ಬರೆದು ಮರೆತುಬಿಡುವ ಉಪಕರಣ ಅದು. ಆ ಕಾಲದ ಜಪಾನಿನಲ್ಲಿ ಹುಡುಗ ಹುಡುಗಿ ಕೈ ಹಿಡಿಯಲು ಒಂದು ನೆಪ ಬೇಕಿತ್ತು. ಯೊಕೊಯಿ ಮಾರಿದ್ದು ಆ ನೆಪವನ್ನು.

1972ರ 'ಲೆಫ್ಟಿ ಆರ್‌ಎಕ್ಸ್' ಇನ್ನೂ ಮಜಾ. ರಿಮೋಟ್ ಕಾರುಗಳು ಆಗ ಬಹಳ ದುಬಾರಿ. ಎಡ, ಬಲ, ಹಿಂದೆ, ಮುಂದೆ ಎಂದು ಪ್ರತಿ ಆಜ್ಞೆಗೂ ಬೇರೆ ಬೇರೆ ಸಂಕೇತ ಕಳಿಸಬೇಕು, ಅದಕ್ಕೆ ತಕ್ಕ ಸರ್ಕಿಟ್ ಬೇಕು. ಯೊಕೊಯಿ ಎಲ್ಲ ಕಿತ್ತು ಒಂದೇ ಒಂದು ಸಂಕೇತ ಉಳಿಸಿದರು. ಗುಂಡಿ ಒತ್ತದಿದ್ದರೆ ಕಾರು ನೇರ ಹೋಗುತ್ತದೆ, ಒತ್ತಿದರೆ ಎಡಕ್ಕೆ ತಿರುಗುತ್ತದೆ. ಬಲಕ್ಕೆ ತಿರುಗುವುದೇ ಇಲ್ಲ. ಯೋಚಿಸಿ ನೋಡಿದರೆ ದುಂಡನೆಯ ಟ್ರ್ಯಾಕಿನಲ್ಲಿ ರೇಸು ಬಿಡಲು ಎಡ ತಿರುವು ಸಾಕಲ್ಲ! ಬೆಲೆ ಮಕ್ಕಳ ಕೈಗೆಟುಕುವಷ್ಟು ಇಳಿಯಿತು. ನಾವಾಗಿದ್ದರೆ ಇದನ್ನು ಅರ್ಧಂಬರ್ಧ ಪ್ರಾಜೆಕ್ಟ್ ಎಂದು ನಾವೇ ತಿರಸ್ಕರಿಸುತ್ತಿದ್ದೆವು.

ಯೊಕೊಯಿ ತಮ್ಮ ಈ ರೀತಿಗೆ ಒಂದು ಹೆಸರನ್ನೇ ಇಟ್ಟುಕೊಂಡಿದ್ದರು. ಅದನ್ನು ಕನ್ನಡಕ್ಕೆ ತರುವುದು ಸ್ವಲ್ಪ ಕಷ್ಟ. ಅವರು ಬಳಸಿದ ಜಪಾನಿ ಪದಕ್ಕೆ ಬಾಡಿದ್ದು, ಒಣಗಿದ್ದು ಎಂಬ ಅರ್ಥವಿದೆ. ಪಳಗಿದ್ದು, ಮಾಗಿದ್ದು ಎಂಬ ಛಾಯೆಯೂ ಇದೆ. ಮಾರುಕಟ್ಟೆಯಲ್ಲಿ ಹಳತಾಗಿ, ಅಗ್ಗವಾಗಿ, ಗುಣದೋಷವೆಲ್ಲ ಎಲ್ಲರಿಗೂ ತಿಳಿದುಹೋದ ತಂತ್ರಜ್ಞಾನವನ್ನು ತೆಗೆದುಕೊಂಡು, ಅದನ್ನು ಯಾರೂ ಬಳಸದ ಅಡ್ಡ ದಾರಿಯಲ್ಲಿ ಬಳಸುವುದು. ಹೊಸದು ಬರಬೇಕಾದದ್ದು ಯೋಚನೆಯಲ್ಲಿ, ಚಿಪ್ಪಿನಲ್ಲಿ ಅಲ್ಲ.

ಹೀಗೆ ಬಂದದ್ದೇ 'ಗೇಮ್ ಆ್ಯಂಡ್ ವಾಚ್'. 1970ರ ದಶಕದ ಕೊನೆಯ ಮಾತು. ಬುಲೆಟ್ ರೈಲಿನಲ್ಲಿ ಹೋಗುವಾಗ ಯೊಕೊಯಿ ಒಬ್ಬ ನೌಕರನನ್ನು ಗಮನಿಸಿದರು. ಆತ ಹೊತ್ತು ಹೋಗದೆ ಕ್ಯಾಲ್ಕುಲೇಟರ್ ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ ಕುಳಿತಿದ್ದ. ದೊಡ್ಡವರೂ ಯಾರಿಗೂ ಕಾಣದಂತೆ ಅಂಗೈಯಲ್ಲಿ ಇಟ್ಟುಕೊಂಡು ಆಡುವ ಪುಟ್ಟ ಆಟವಿದ್ದರೆ ಹೇಗೆ ಎಂಬ ಯೋಚನೆ ಹುಟ್ಟಿತು. ಅದು ಯಮೌಚಿ ಕಿವಿಗೆ ಬಿದ್ದ ಬಗೆಯೂ ಸ್ವಾರಸ್ಯದ್ದು. ಒಂದು ದಿನ ಅಧ್ಯಕ್ಷರ ಕಾರಿನ ಚಾಲಕ ಹುಷಾರಿಲ್ಲದೆ ಬಂದಿರಲಿಲ್ಲ. ಅದು ಎಡಗಡೆ ಸ್ಟಿಯರಿಂಗ್‌ನ ಕ್ಯಾಡಿಲಾಕ್. ಅಂಥ ಕಾರು ಓಡಿಸಿ ರೂಢಿಯಿದ್ದವರು ಯೊಕೊಯಿ, ಹಾಗಾಗಿ ಅವರೇ ಚಾಲಕರಾದರು. ದಾರಿಯಲ್ಲಿ ಸುಮ್ಮನೆ ಕೂರಲಾಗದೆ ಈ ಐಡಿಯಾ ಹೇಳಿದರು. ಯಮೌಚಿ ಹೆಚ್ಚೇನೂ ಮಾತಾಡಲಿಲ್ಲ. ಆದರೆ ಅಂದು ಹೋದ ಸಭೆಯಲ್ಲಿ ಅವರ ಪಕ್ಕ ಕುಳಿತಿದ್ದವರು ಶಾರ್ಪ್ ಕಂಪನಿಯ ಅಧ್ಯಕ್ಷರು. ಕೆಲವೇ ದಿನಗಳಲ್ಲಿ ಶಾರ್ಪ್‌ನವರು ಮಾತುಕತೆಗೆ ಬಂದರು. ಕ್ಯಾಲ್ಕುಲೇಟರ್ ಕಂಪನಿಗಳ ಪೈಪೋಟಿಯಲ್ಲಿ ಎಲ್‌ಸಿಡಿ ಪರದೆ ಅಗ್ಗವಾಗಿ, ಅದಕ್ಕೆ ಹೊಸ ಗಿರಾಕಿ ಬೇಕಿದ್ದ ಕಾಲ ಅದು.

1980ರ ಏಪ್ರಿಲ್‌ನಲ್ಲಿ ಮೊದಲ ಆಟ 'ಬಾಲ್' ಬಂತು. ಚೆಂಡುಗಳನ್ನು ಮೇಲೆಸೆದು ಹಿಡಿಯುವ ಒಬ್ಬ ಮನುಷ್ಯ, ಅಷ್ಟೇ. ಪರದೆಯಲ್ಲಿ ಪಿಕ್ಸೆಲ್ ಇಲ್ಲ; ಕ್ಯಾಲ್ಕುಲೇಟರ್‌ನ ಅಂಕಿಗಳಂತೆ ಮೊದಲೇ ಅಚ್ಚಾದ ಆಕಾರಗಳು ಹೊತ್ತಿ ಆರುತ್ತವೆ, ನೋಡುವವನಿಗೆ ಚಲನೆ ಅನಿಸುತ್ತದೆ. ಆಡದಿದ್ದಾಗ ಗಡಿಯಾರ. ಈ ಸರಣಿ ಒಟ್ಟು 4.34 ಕೋಟಿ ಮಾರಾಟವಾಗಿ, ಸಾಲದಲ್ಲಿದ್ದ ನಿಂಟೆಂಡೊ ಉಸಿರಾಡಿತು.

ಈ ನಡುವೆ ಅಮೆರಿಕದಲ್ಲಿ ಇನ್ನೊಂದು ತಾಪತ್ರಯ. 'ರೇಡಾರ್ ಸ್ಕೋಪ್' ಎಂಬ ಆರ್ಕೇಡ್ ಯಂತ್ರಗಳು ಸುಮಾರು 2,000 ಮಾರಾಟವಾಗದೆ ಗೋದಾಮಿನಲ್ಲಿ ಕೊಳೆಯುತ್ತಿದ್ದವು. ಅವುಗಳ ಒಳಗೆ ಬೇರೆ ಆಟ ತುಂಬಲು ಶಿಗೆರು ಮಿಯಾಮೊಟೊ ಎಂಬ ಯುವ ಕಲಾವಿದನಿಗೆ ಹೇಳಲಾಯಿತು, ಮೇಲ್ವಿಚಾರಣೆ ಯೊಕೊಯಿಯದು. 1981ರಲ್ಲಿ ಹೊರಬಂದದ್ದು 'ಡಾಂಕಿ ಕಾಂಗ್'. ಅದರಲ್ಲಿ ಪೀಪಾಯಿ ಹಾರುತ್ತಿದ್ದ ಮೀಸೆಯ ಮನುಷ್ಯನೇ ಮುಂದೆ ನಾವೆಲ್ಲ ಆಡಿದ ಮಾರಿಯೊ. ಮಾರಾಟವಾಗದ ಡಬ್ಬಿಯಿಂದ ಮಾರಿಯೊ ಹುಟ್ಟಿದ್ದು ಕೇಳಿ ನನ್ನ ರೂಮ್‌ಮೇಟ್ ಮೊದಲು ನಂಬಲೇ ಇಲ್ಲ.

ಆ ಆಟವನ್ನು 1982ರಲ್ಲಿ ಅಂಗೈ ಯಂತ್ರಕ್ಕೆ ತರುವಾಗ ಜಾಯ್‌ಸ್ಟಿಕ್ ಸಮಸ್ಯೆಯಾಯಿತು. ಪುಸ್ತಕದಂತೆ ಮಡಿಚುವ ಯಂತ್ರದಲ್ಲಿ ಕೋಲು ನಿಲ್ಲಿಸುವುದೆಲ್ಲಿ? ಯೊಕೊಯಿ ಅದನ್ನು ಚಪ್ಪಟೆ ಮಾಡಿ, ಕೂಡಿಸುವ ಚಿಹ್ನೆಯ ಆಕಾರದ ಗುಂಡಿಯಾಗಿಸಿದರು. ಹೆಬ್ಬೆರಳು ಎತ್ತದೆ, ನೋಡದೆ ನಾಲ್ಕು ದಿಕ್ಕು ಒತ್ತಬಹುದು. ಈಗ ನಿಮ್ಮ ಬಳಿ ಯಾವ ಗೇಮ್ ಕಂಟ್ರೋಲರ್ ಇದ್ದರೂ ಎಡಗಡೆ ನೋಡಿ, ಆ ಗುಂಡಿಯ ಒಂದಲ್ಲ ಒಂದು ರೂಪ ಇದ್ದೇ ಇರುತ್ತದೆ. ಅದಕ್ಕಾಗಿ ನಿಂಟೆಂಡೊಗೆ ಮುಂದೆ ಅಮೆರಿಕದ ತಾಂತ್ರಿಕ ಎಮಿ ಪ್ರಶಸ್ತಿ ಬಂತು. ಆಗ ಯೊಕೊಯಿ ಇರಲಿಲ್ಲ.

1989ರ ಏಪ್ರಿಲ್ 21ರಂದು ಜಪಾನಿನಲ್ಲಿ 'ಗೇಮ್ ಬಾಯ್' ಬಿಡುಗಡೆಯಾಯಿತು. ಕಾಗದದ ಮೇಲೆ ಓದಿದರೆ ಯಾರಾದರೂ ಮುಖ ಸಿಂಡರಿಸುವಂಥ ಯಂತ್ರ. 4 ಮೆಗಾಹರ್ಟ್ಸ್ ಆಸುಪಾಸಿನ ಎಂಟು ಬಿಟ್ ಪ್ರೊಸೆಸರ್. 160 ಅಡ್ಡ, 144 ಉದ್ದದ ಪಿಕ್ಸೆಲ್. ಹಸಿರು ಮಿಶ್ರಿತ ಪರದೆಯಲ್ಲಿ ನಾಲ್ಕೇ ಛಾಯೆ. ಹಿಂದಿನಿಂದ ಬೆಳಕೂ ಇಲ್ಲ. ತಯಾರಿಯ ಹಂತದಲ್ಲಿ ಪರದೆಯನ್ನು ನೇರ ನೋಡಿದರೆ ಏನೂ ಕಾಣದೆ ಯಮೌಚಿ ಬೇಸರಗೊಂಡು, ಯೋಜನೆಯೇ ನಿಂತುಹೋಗುವ ಸ್ಥಿತಿ ಬಂದಿತ್ತು. ಬೇರೆ ಬಗೆಯ ಎಲ್‌ಸಿಡಿ ಹುಡುಕಿ ಉಳಿಸಿಕೊಂಡರು. ಇಲ್ಲಿ ಒಂದು ಮಾತು ಸೇರಿಸಬೇಕು. ಎಲ್ಲ ಶ್ರೇಯವನ್ನೂ ಯೊಕೊಯಿ ಒಬ್ಬರಿಗೇ ಕೊಡುವುದು ನ್ಯಾಯವಲ್ಲ. ಯೊಕೊಯಿ ಮೊದಲು ಬಯಸಿದ್ದು ಇನ್ನೂ ಸರಳವಾದ, ಆಟಿಕೆಯಂಥ ಯಂತ್ರ. ಆಟಗಳನ್ನು ಬದಲಿಸಿಕೊಳ್ಳುವ, ಹೆಚ್ಚು ಬಾಳಿಕೆಯ ಯಂತ್ರವಾಗಲಿ ಎಂದು ಪಟ್ಟು ಹಿಡಿದವರು ಅವರ ಕೈಕೆಳಗಿನ ಎಂಜಿನಿಯರ್ ಸಟೊರು ಒಕಾಡ. ಕೊನೆಗೆ ಯೊಕೊಯಿ ಒಪ್ಪಿದರು. ಕಿರಿಯರ ಮಾತಿಗೆ ಹಿರಿಯರು ಸೋತದ್ದು ಒಳ್ಳೆಯದೇ ಆಯಿತು.

ಅದೇ ವರ್ಷ ಅಟಾರಿಯ 'ಲಿಂಕ್ಸ್', ಮರುವರ್ಷ ಸೆಗಾದ 'ಗೇಮ್ ಗೇರ್' ಬಂದವು. ಎರಡಕ್ಕೂ ಬಣ್ಣದ ಪರದೆ. ಪ್ರತಿಸ್ಪರ್ಧಿಯ ಯಂತ್ರ ಬರುತ್ತಿದೆ ಎಂದು ಒಬ್ಬ ಸಹೋದ್ಯೋಗಿ ಮುಖ ಸಪ್ಪೆ ಮಾಡಿಕೊಂಡು ಹೇಳಿದಾಗ ಯೊಕೊಯಿ ವಿಚಾರಿಸಿದ್ದು ಅದರ ಪರದೆ ಬಣ್ಣದ್ದೋ ಕಪ್ಪು ಬಿಳುಪೋ ಎಂದು. ಬಣ್ಣದ್ದು ಎಂದು ಗೊತ್ತಾದಾಗ ನಿರಾಳರಾದರು. ಲೆಕ್ಕ ಸರಳ. ಬಣ್ಣದ ಪರದೆ, ಅದಕ್ಕೊಂದು ದೀಪ ಎಂದರೆ ಆರು ಸೆಲ್ ಹಾಕಿದರೂ ಮೂರರಿಂದ ಐದು ಗಂಟೆ. ಗೇಮ್ ಬಾಯ್ ನಾಲ್ಕು ಸೆಲ್‌ನಲ್ಲಿ ಹದಿನೈದು ಗಂಟೆ ಸರಾಗ. ಸೆಲ್ ಕೊಳ್ಳುವುದು ಅಪ್ಪ ಅಮ್ಮನ ದುಡ್ಡಿನಲ್ಲಿ ತಾನೇ? ಗೇಮ್ ಗೇರ್ ಸುಮಾರು ಒಂದು ಕೋಟಿ ಮಾರಾಟವಾಯಿತು. ಗೇಮ್ ಬಾಯ್ ಮತ್ತು ಅದರ ಮುಂದಿನ ಬಣ್ಣದ ರೂಪ ಸೇರಿ 11.8 ಕೋಟಿ ದಾಟಿತು.

ಅಗ್ಗದ, ದುರ್ಬಲ ಯಂತ್ರ ಆಟ ಕಟ್ಟುವವರಿಗೂ ಒಂದು ಉಪಕಾರ ಮಾಡಿತು. ಪರದೆಯಲ್ಲಿ ತೋರಿಸಲು ಹೆಚ್ಚೇನೂ ಇಲ್ಲದಿದ್ದಾಗ ಆಟದ ನಿಯಮವೇ ಗಟ್ಟಿಯಿರಬೇಕು. ಟೆಟ್ರಿಸ್ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಎರಡು ಯಂತ್ರಗಳನ್ನು ಒಂದು ವೈರಿನಿಂದ ಜೋಡಿಸುವ ವ್ಯವಸ್ಥೆಯೂ ಇತ್ತು. ಆ ವೈರಿನಲ್ಲಿ ಹುಳಗಳು ಈ ಕಡೆಯಿಂದ ಆ ಕಡೆಗೆ ತೆವಳುವುದನ್ನು ಕಲ್ಪಿಸಿಕೊಂಡವರು ಸಟೊಶಿ ತಾಜಿರಿ, ಚಿಕ್ಕಂದಿನಲ್ಲಿ ಹುಳ ಹಿಡಿದು ಗೂಡಿಗೆ ಹಾಕುತ್ತಿದ್ದ ಹುಡುಗ. ಅದರಿಂದ 1996ರಲ್ಲಿ 'ಪೊಕೆಮಾನ್' ಬಂತು. ಗೇಮ್ ಬಾಯ್‌ಗೆ ಆಗ ಏಳು ವರ್ಷ ವಯಸ್ಸು.

ಈಗ ನಮ್ಮ ಕಾಲಕ್ಕೆ ಬರೋಣ. 2020ರ 'ದಿ ಲಾಸ್ಟ್ ಆಫ್ ಅಸ್' ಎರಡನೇ ಭಾಗಕ್ಕೆ ಸುಮಾರು 22 ಕೋಟಿ ಡಾಲರ್ ಖರ್ಚಾಯಿತೆಂದು ಅಮೆರಿಕದ ಕೋರ್ಟಿನ ದಾಖಲೆಗಳಿಂದ 2023ರಲ್ಲಿ ಹೊರಬಿತ್ತು. ಅಷ್ಟು ಹಣ ಸುರಿದವರು ಹೊಸ ಪ್ರಯೋಗಕ್ಕೆ ಹೆದರುವುದು ಸಹಜ. ಅದರ ಮೊದಲ ಭಾಗ 2013ರಲ್ಲಿ ಬಂತು, 2014ರಲ್ಲಿ ತಿದ್ದಿ ಮತ್ತೆ ಬಂತು, 2022ರಲ್ಲಿ ಹೊಸದಾಗಿ ಕಟ್ಟಿ ಮತ್ತೊಮ್ಮೆ ಬಂತು. 'ಕಾಲ್ ಆಫ್ ಡ್ಯೂಟಿ' 2005ರಿಂದ ವರ್ಷಕ್ಕೊಂದರಂತೆ ಬರುತ್ತಿದೆ. ಇವು ಕೆಟ್ಟ ಆಟಗಳೆಂದು ನಾನು ಹೇಳುತ್ತಿಲ್ಲ. ಕೆಲವನ್ನು ನಾನೇ ಬೆಳಗಿನ ಜಾವದವರೆಗೆ ಆಡಿದ್ದೇನೆ. ಆದರೆ ಹೊಳಪು ಹೆಚ್ಚಿಸಲು ಖರ್ಚು, ಖರ್ಚು ಹೆಚ್ಚಿದ್ದಕ್ಕೆ ಭಯ, ಭಯಕ್ಕೆ ಮತ್ತೆ ಹಳೇ ಆಟ - ಈ ಸರಪಳಿ ನಮ್ಮ ಬ್ಯಾಟಲ್ ರಾಯಲ್ ಪ್ರಾಜೆಕ್ಟಿನಲ್ಲೂ ಇತ್ತು. ನಮಗಿದ್ದದ್ದು ಕೋಟಿಯ ಭಯವಲ್ಲ, ಮಾರ್ಕ್ಸ್‌ನ ಭಯ. ಅಷ್ಟೇ ವ್ಯತ್ಯಾಸ. ಎರಿಕ್ ಬ್ಯಾರೋನ್ ಎಂಬಾತ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕುಳಿತು 2016ರಲ್ಲಿ 'ಸ್ಟಾರ್‌ಡ್ಯೂ ವ್ಯಾಲಿ' ಹೊರತಂದ. 2024ರಲ್ಲಿ 'ಬಲಾಟ್ರೊ' ಕಟ್ಟಿದ್ದೂ ಒಬ್ಬನೇ, ಅದೂ ಇಸ್ಪೀಟು ಎಲೆಗಳಿಂದ. ಯೊಕೊಯಿ ಶುರು ಮಾಡಿದ್ದೂ ಇಸ್ಪೀಟು ಎಲೆಯ ಕಾರ್ಖಾನೆಯಿಂದಲೇ ಅಲ್ಲವೇ!

ಯೊಕೊಯಿ ಸೋತದ್ದನ್ನು ಬಿಟ್ಟು ಬರೆದರೆ ಈ ಕಥೆ ಮೋಟಿವೇಷನಲ್ ವಿಡಿಯೊ ಆಗಿಬಿಡುತ್ತದೆ. 1995ರಲ್ಲಿ ಅವರ 'ವರ್ಚುವಲ್ ಬಾಯ್' ಬಂತು. ಮೇಜಿನ ಮೇಲೆ ಕಾಲೂರಿ ನಿಂತ ಕನ್ನಡಕದಂಥ ಪೆಟ್ಟಿಗೆ. ಬಗ್ಗಿ ಮುಖ ಒಡ್ಡಿದರೆ ಆಳ ಕಾಣುವ ಲೋಕ. ಪ್ರತಿ ಕಣ್ಣಿಗೂ ಒಂದು ಸಾಲಿನಲ್ಲಿ 224 ಕೆಂಪು ಎಲ್‌ಇಡಿ, ಅವುಗಳ ಎದುರು ಅತ್ತಿತ್ತ ಕಂಪಿಸುವ ಕನ್ನಡಿ. ಆ ಒಂದೇ ಸಾಲು ಪೂರ್ತಿ ಪರದೆಯಾಗಿ ಕಾಣುತ್ತದೆ. ಕೆಂಪೇ ಏಕೆಂದರೆ ಆಗ ಅಗ್ಗವಾಗಿ ಸಿಗುತ್ತಿದ್ದದ್ದು, ಕಡಿಮೆ ಕರೆಂಟ್ ತಿನ್ನುತ್ತಿದ್ದದ್ದು ಕೆಂಪು ಎಲ್‌ಇಡಿ. ಅದೇ ಹಳೇ ಸೂತ್ರ. ಆದರೆ ಈ ಸಲ ಕೈ ಕೊಟ್ಟಿತು. ಕಪ್ಪಿನ ಮೇಲೆ ಕೆಂಪು ನೋಡಿ ಕಣ್ಣು ನೋಯುತ್ತದೆ, ತಲೆ ನೋಯುತ್ತದೆ ಎಂದು ಜನ ದೂರಿದರು. ಬಗ್ಗಿ ಕುಳಿತವನ ಆಟ ಪಕ್ಕದವರಿಗೆ ಕಾಣುವುದೂ ಇಲ್ಲ. ಕೈ ಹಿಡಿಸುವ ಆಟ ಮಾಡಿದವರೇ ಮನುಷ್ಯನನ್ನು ಒಂಟಿ ಮಾಡುವ ಪೆಟ್ಟಿಗೆ ಮಾಡಿದರಲ್ಲ ಎಂದು ನನಗೆ ಬೇಸರವಾಯಿತು. ಮಾರಾಟವಾದದ್ದು ಸುಮಾರು 7.7 ಲಕ್ಷ ಮಾತ್ರ. ವರ್ಷ ತುಂಬುವುದರೊಳಗೆ ಅಂಗಡಿಗಳಿಂದ ಮಾಯವಾಯಿತು.

1996ರ ಆಗಸ್ಟ್ 15ರಂದು, ಮೂವತ್ತೊಂದು ವರ್ಷದ ಕೆಲಸ ಬಿಟ್ಟು ಯೊಕೊಯಿ ನಿಂಟೆಂಡೊದಿಂದ ಹೊರಬಂದರು. ಸೋಲಿಗೆ ಸಿಕ್ಕ ಶಿಕ್ಷೆ ಎಂದು ಪತ್ರಿಕೆಗಳು ಬರೆದವು. ಯೊಕೊಯಿ ಅದನ್ನು ಒಪ್ಪಲಿಲ್ಲ. ಹೊರಡುವ ಮುನ್ನ ಗೇಮ್ ಬಾಯ್‌ನ ಪುಟ್ಟ ರೂಪ 'ಗೇಮ್ ಬಾಯ್ ಪಾಕೆಟ್' ಮುಗಿಸಿಕೊಟ್ಟಿದ್ದರು. ಕ್ಯೋಟೊದಲ್ಲೇ ಕೋಟೊ ಎಂಬ ಸಣ್ಣ ಕಂಪನಿ ತೆರೆದು, ಬಂದಾಯ್ ಕಂಪನಿಗಾಗಿ ಇನ್ನೊಂದು ಅಂಗೈ ಯಂತ್ರದ ಕೆಲಸ ಹಿಡಿದರು. ಐವತ್ತೈದು ದಾಟಿದ ಮೇಲೆ ಮತ್ತೆ ಮೊದಲಿಂದ.

1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೊಕುರಿಕು ಹೆದ್ದಾರಿಯಲ್ಲಿ ಅವರು ಕುಳಿತಿದ್ದ ಕಾರು ಮುಂದಿದ್ದ ಟ್ರಕ್‌ಗೆ ತಾಗಿತು. ಏನಾಗಿದೆ ಎಂದು ನೋಡಲು ಕೆಳಗಿಳಿದಾಗ ಹಿಂದಿನಿಂದ ಬಂದ ಇನ್ನೊಂದು ಕಾರು ಬಡಿಯಿತು. ಅವರಿಗೆ ಆಗ 56 ವರ್ಷ. ಕೆಟ್ಟದ್ದನ್ನು ಇಳಿದು ನೋಡುವುದು ರಿಪೇರಿಯವರ ಸ್ವಭಾವ. ಆ ಸಾಲು ಓದಿದಾಗ ರಾತ್ರಿ ಎರಡು ಗಂಟೆ. ಲ್ಯಾಪ್‌ಟಾಪ್ ಮುಚ್ಚಿ ಕಾರಿಡಾರ್‌ನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಡೆದಾಡಿದೆ.

ಅವರು ಅರ್ಧಕ್ಕೆ ಬಿಟ್ಟುಹೋದ ಯಂತ್ರ 'ವಂಡರ್‌ಸ್ವಾನ್' 1999ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಕಪ್ಪು ಬಿಳುಪು ಪರದೆ, ಒಂದೇ ಒಂದು ಪೆನ್ಸಿಲ್ ಸೆಲ್. ಅದರ ಜೊತೆ ಬಂದ ಒಂದು ಪಜಲ್ ಆಟಕ್ಕೆ ಅವರ ನೆನಪಿಗೆ 'ಗುನ್ಪೇ' ಎಂದೇ ಹೆಸರಿಟ್ಟರು.

ಇನ್ನು ನಮ್ಮ ಪ್ರಾಜೆಕ್ಟ್ ವಿಷಯ. ನಮ್ಮ ಲ್ಯಾಬಿನ ಕಪಾಟಿನಲ್ಲಿ ಅಲ್ಟ್ರಾಸಾನಿಕ್ ಸೆನ್ಸರ್‌ಗಳ ರಾಶಿಯೇ ಇದೆ. ಪ್ರತಿ ವರ್ಷ ಯಾವುದೋ ತಂಡ ಅದರಿಂದ ಸ್ಮಾರ್ಟ್ ಡಸ್ಟ್‌ಬಿನ್ ಮಾಡುತ್ತದೆ, ಇನ್ನೊಂದು ತಂಡ ಕಾರ್ ಪಾರ್ಕಿಂಗ್ ಮಾಡುತ್ತದೆ. ನಾನು ಅದನ್ನೇ ತಂದು ಒಂದು ಬಜರ್‌ಗೆ ಜೋಡಿಸಿದೆ. ಪರದೆಯೇ ಇಲ್ಲದ ಆಟ. ಇಬ್ಬರು ಕಣ್ಣು ಮುಚ್ಚಿಕೊಂಡು ಎದುರುಬದುರು ನಿಲ್ಲಬೇಕು. ಗಾಳಿಯಲ್ಲಿ ಅಡಗಿರುವ ಒಂದು ಎತ್ತರವನ್ನು ಅಂಗೈಯಿಂದ ಹುಡುಕಬೇಕು. ಹತ್ತಿರವಾದಂತೆ ಬಜರ್ ದನಿ ಏರುತ್ತದೆ. ಮೊದಲು ಹಿಡಿದವರಿಗೆ ಪಾಯಿಂಟ್. ಒಟ್ಟು ಖರ್ಚು ಐನೂರು ರೂಪಾಯಿಯೂ ಆಗಿಲ್ಲ.

ತಂಡದಲ್ಲಿ ಒಬ್ಬ ಒಪ್ಪಿದ್ದಾನೆ. ಇನ್ನಿಬ್ಬರಿಗೆ ಇದು ರೆಸ್ಯೂಮೆಯಲ್ಲಿ ಮಕ್ಕಳಾಟಿಕೆಯಂತೆ ಕಾಣುತ್ತದೆ ಎಂಬ ಕೋಪ. ಅವರ ಮಾತನ್ನು ತಳ್ಳಿಹಾಕಲು ನನಗೂ ಧೈರ್ಯವಿಲ್ಲ; ಪ್ಲೇಸ್‌ಮೆಂಟ್ ನನಗೂ ಬೇಕು, ಮನೆಯಲ್ಲಿ ಎಜುಕೇಷನ್ ಲೋನ್ ಇದೆ. ಕಳೆದ ಭಾನುವಾರ ಆ ಇಬ್ಬರನ್ನೂ ಕಣ್ಣು ಮುಚ್ಚಿಸಿ ಎದುರುಬದುರು ನಿಲ್ಲಿಸಿದೆ. ಹತ್ತು ನಿಮಿಷವಾದರೂ ಅವರು ನಿಲ್ಲಿಸಲಿಲ್ಲ. ಆಮೇಲೆ ಪಕ್ಕದ ರೂಮಿನವರು ಬಜರ್ ಸದ್ದು ತಾಳಲಾರದೆ ಬಾಗಿಲು ಬಡಿದರು. ಎರಡನೇ ರಿವ್ಯೂ ಮುಂದಿನ ಗುರುವಾರ ಇದೆ. ಸೆನ್ಸರ್ ಇನ್ನೂ ನಲವತ್ತು ಸೆಂಟಿಮೀಟರ್ ಆಚೆಗೆ ತಪ್ಪು ಅಳತೆ ತೋರಿಸುತ್ತಿದೆ, ಅದನ್ನು ಸರಿಮಾಡಬೇಕು.